ವಾಡೆಯ ಪಾಲಿಗೆ ಬಂದ ಆಂಪಿಯರ್-ತಾಸು

ಪ್ರತಿಯೊಬ್ಬ ಮನುಷ್ಯನಿಗೂ ಸುತ್ತಲಿನವರಿಗೆ ಗೊತ್ತಿಲ್ಲದ ಒಂದಾದರೂ ವಿಷಯ ಗೊತ್ತಿರಬೇಕು. ಇಲ್ಲದಿದ್ದರೆ ಮದುವೆಮನೆಯಲ್ಲಿ ಊಟದ ಪಂಕ್ತಿಗೆ ಕಾಯುವಾಗ ಮಾತಿಗೆ ಏನೂ ಉಳಿಯುವುದಿಲ್ಲ. ನಮ್ಮಣ್ಣನಿಗೆ ಆಕಳ ಸುಳಿ ನೋಡಲು ಬರುತ್ತದೆ, ಮಾವನವರಿಗೆ ನಾಡಿ ಹಿಡಿಯಲು ಬರುತ್ತದೆ. ಧಾರವಾಡ ಬಿಟ್ಟು ಪುಣೆಯ ಕಚೇರಿಯೊಂದರಲ್ಲಿ ಗುಮಾಸ್ತನಾದ ಮೇಲೂ ನನಗೆ ಮಾತ್ರ ಹೇಳಿಕೊಳ್ಳುವಂಥದ್ದೇನೂ ಬರುತ್ತಿರಲಿಲ್ಲ. ಬ್ಯಾಟರಿಯ ಅಳತೆ ಅರ್ಥವಾದ ದಿನ ಆ ಕೊರತೆ ನೀಗಿತು. ಸಂಕೋಚವಿಲ್ಲದೆ ಹೇಳುತ್ತೇನೆ, ಅಂದು ಕನ್ನಡಿಯ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಂತಿದ್ದೆ.

ಯುದ್ಧದ ಕಾಲವದು. ನಾವಿದ್ದ ವಾಡೆಯಲ್ಲಿ ನಾಲ್ಕು ಸಂಸಾರಗಳು, ನಡುವೆ ಅಂಗಳ, ಎಲ್ಲರಿಗೂ ಸೇರಿ ಒಂದೇ ನಳ. ವಿದ್ಯುತ್ತು ಬೀದಿಯ ತಿರುವಿನವರೆಗೆ ಬಂದು ಅಲ್ಲೇ ನಿಂತುಬಿಟ್ಟಿತ್ತು. ವರ್ಗವಾಗಿ ಹೋದ ಮೇಲಧಿಕಾರಿಯೊಬ್ಬರಿಂದ ನಾನೊಂದು ಹಳೆಯ ರೇಡಿಯೊ ಕೊಂಡಿದ್ದೆ. ಅದು ನಡೆಯುವುದು ಮೋಟಾರಿನ ಬ್ಯಾಟರಿಯ ಮೇಲೆ. ಬರಿದಾದಾಗಲೆಲ್ಲ ಆ ಭಾರವನ್ನು ಸ್ವಾರಗೇಟದ ಅಂಗಡಿಗೆ ಒಯ್ದು ತುಂಬಿಸಿ ತರಬೇಕು. ನನ್ನೊಬ್ಬನ ಸೊಂಟಕ್ಕೆ ಅದು ಆಗದೆಂದು ನಾಲ್ಕೂ ಮನೆಯವರು ಹೊರುವ ಪಾಳಿ ಹಚ್ಚಿಕೊಂಡಿದ್ದರು. ಹೊತ್ತವರಿಗೆ ನಮ್ಮ ಮನೆಗೆ ಬಂದು ರೇಡಿಯೊ ಕೇಳುವ ಹಕ್ಕು ಇದ್ದೇ ಇತ್ತು.

ಬ್ಯಾಟರಿಯ ಮೈಮೇಲೆ ನಲವತ್ತು ಆಂಪಿಯರ್-ಅವರ್ ಎಂದು ಬರೆದಿತ್ತು. ಅದು ಯಾರ ತಲೆಗೂ ಹೋಗಿರಲಿಲ್ಲ, ನನ್ನ ತಲೆಗೆ ಹೋಯಿತು. ನಾನದಕ್ಕೆ ಆಂಪಿಯರ್-ತಾಸು ಎಂದು ಹೆಸರಿಟ್ಟು ವಾಡೆಯವರನ್ನೆಲ್ಲ ಕೂಡಿಸಿ ವಿವರಿಸಿದೆ. ಬ್ಯಾಟರಿ ಒಂದು ಹಂಡೆ. ಆಂಪಿಯರ್ ಎಂದರೆ ಅದರಿಂದ ಹರಿದುಹೋಗುವ ಧಾರೆಯ ದಪ್ಪ, ತಾಸು ಎಂದರೆ ಎಷ್ಟು ಹೊತ್ತು ಹರಿಯಿತು ಎಂಬುದು. ಎರಡನ್ನೂ ಗುಣಿಸಿದರೆ ಹಂಡೆಯಲ್ಲಿ ಎಷ್ಟು ಹಿಡಿಯುತ್ತದೆ ಎಂದು ತಿಳಿಯುತ್ತದೆ. ಒಂದು ಆಂಪಿಯರ್ ಎಳೆದರೆ ನಲವತ್ತು ತಾಸು, ಎರಡು ಎಳೆದರೆ ಇಪ್ಪತ್ತೇ. ನಮ್ಮ ರೇಡಿಯೊ ಎಳೆಯುವುದು ಹೆಚ್ಚುಕಡಿಮೆ ಒಂದು. ಪಕ್ಕದ ಮನೆಯ ನಿವೃತ್ತ ಶಾಲಾ ಮಾಸ್ತರರಾದ ಸಾಠೆಯವರೇ ತಲೆದೂಗಿದರು. ಅಂಗಳದಲ್ಲಿ ನಳದ ನೀರಿಗೆ ಪಾಳಿ ಹಚ್ಚಿ ಬದುಕಿದ ಜನ, ಹಂಡೆಯ ಮಾತು ಅವರಿಗೆ ತಟ್ಟನೆ ಹಿಡಿಸಿತು. ಎಷ್ಟು ಹಿಡಿಸಿತೆಂದರೆ, ನಲವತ್ತನ್ನು ನಾಲ್ಕು ಮನೆಗೆ ಹತ್ತರಂತೆ ಅಲ್ಲೇ ಹಂಚಿಬಿಟ್ಟರು. ನಾನೂ ಸಂತೋಷದಿಂದ ಒಪ್ಪಿದೆ. ಒಮ್ಮೆ ಸಾಠೆಯವರು ಯುದ್ಧದ ವಾರ್ತೆಗೆ ಪಾಲು ಮೀರಿ ಕೂತಾಗ, ಇನ್ನೊಬ್ಬರ ಆಂಪಿಯರ್-ತಾಸು ಕದಿಯುವುದೂ ಕಳ್ಳತನವೇ ಎಂದು ಗುಂಡಿ ತಿರುಗಿಸಿ ರೇಡಿಯೊ ಆರಿಸಿದವನೂ ನಾನೇ.

ಆಮೇಲೆ ನನ್ನ ಕೀರ್ತಿ ಹಬ್ಬಿತು. ಯಾರದೋ ಭಾವಮೈದುನ ಹಡಪಸರದಿಂದ ಬಂದ, ಅವನಿಗೂ ಹೇಳಿದೆ. ಕಚೇರಿಯವರು ಚಹಾಕ್ಕೆ ಬಂದರು, ಅವರಿಗೂ ಹೇಳಿದೆ. ರೇಡಿಯೊ ನಡೆಯುತ್ತಿದ್ದರೇ ಧಾರೆ ಹರಿಯುವುದು ಮನದಟ್ಟಾಗುತ್ತದೆ ಎಂದು ಅದನ್ನು ಹಚ್ಚಿಟ್ಟೇ ಹೇಳುತ್ತಿದ್ದೆ. ಅದರಲ್ಲಿ ಯಾರು ಹಾಡುತ್ತಿದ್ದರೋ, ನನ್ನ ಧ್ವನಿಯ ಮುಂದೆ ಯಾರಿಗೂ ಕೇಳಿಸುತ್ತಿರಲಿಲ್ಲ.

ಅಷ್ಟರಲ್ಲಿ ಧಾರವಾಡದಿಂದ ಸುದ್ದಿ ಬಂತು. ನನ್ನ ಹೆಂಡತಿ ಸುಭದ್ರೆಯ ತಂಗಿ ಶಾಂತಾ ಬರುವ ಶುಕ್ರವಾರ ಸಂಜೆ ಮುಂಬಯಿ ರೇಡಿಯೊದಲ್ಲಿ ಹಾಡುತ್ತಾಳಂತೆ. ತಾಯಿಯಿಲ್ಲದ ಆ ಹುಡುಗಿಯನ್ನು ಎತ್ತಿ ಬೆಳೆಸಿದವಳು ಸುಭದ್ರೆ. ಮೊದಲ ಹಾಡು ಕಲಿಸಿದವಳೂ ಅವಳೇ. ಮನೆಯಲ್ಲಿ ಹಬ್ಬ ಬಂದಂತಾಯಿತು. ಸಾಠೆಯವರು ಮಾತ್ರ ಮೀಸೆ ತೀಡುತ್ತ ಬಂದು, ನಿಮ್ಮ ಮನೆಯ ಹತ್ತು ಆಂಪಿಯರ್-ತಾಸು ಮಂಗಳವಾರವೇ ಮುಗಿದಿದೆಯಲ್ಲ ಎಂದರು. ಲೆಕ್ಕ ಹಾಕಿದೆ, ನಿಜ. ಪಾಠ ಹೇಳಿ ಹೇಳಿಯೇ ಮುಗಿಸಿದ್ದೆ. ಹಂಡೆಯಲ್ಲಿ ಉಳಿದದ್ದೆಲ್ಲ ಉಳಿದ ಮೂರು ಮನೆಯವರದು. ಮತ್ತೆ ತುಂಬಿಸೋಣವೆಂದರೆ ಸ್ವಾರಗೇಟದ ಅಂಗಡಿಗೆ ಬೀಗ, ಮಾಲಕ ಲಗ್ನಕ್ಕೆಂದು ಭೋರ್‌ಗೆ ಹೋಗಿದ್ದ.

ಸುಭದ್ರೆ ಜಗಳವಾಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. "ನನ್ನ ತಂಗಿ ಹಾಡೋ ಹೊತ್ತೆಲ್ಲಾ ನೀವ ಮಾತಾಡಿ ಮುಗಿಸಿದ್ರಿ" ಎಂದಷ್ಟೇ ಹೇಳಿ ಒಳಗೆ ಹೋಗಿ ಅಕ್ಕಿ ಆರಿಸುತ್ತ ಕೂತಳು. ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸುತ್ತಿದ್ದಳು. ನನಗೆ ಬಹಳ ಕೆಟ್ಟದೆನಿಸಿತು. ಸಾಠೆಯವರ ಹತ್ತಿರ ಕೇಳೋಣವೆಂದರೆ ಕಳ್ಳತನದ ಮಾತು ಆಡಿದ ನಾಲಿಗೆ ಏಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಅಂಗಳದಾಚೆಯ ಎದುರುಮನೆಯ ಗೋದು ಕಾಕು ಬಂದರು. ಸಕ್ಕರೆ, ಹಿಟ್ಟು ಕಡ ಕೊಟ್ಟು ತರುವುದು ವಾಡೆಯ ಹೆಂಗಸರಲ್ಲಿ ದಿನದ ರೂಢಿ. ಕಾಕು ಅದೇ ದನಿಯಲ್ಲಿ, ತಮ್ಮ ಮನೆಯದು ಅರ್ಧ ಆಂಪಿಯರ್-ತಾಸು ತೆಗೆದುಕೋ, ಮುಂದಿನ ಸಲ ಕೊಟ್ಟರಾಯಿತು ಎಂದು ಸುಭದ್ರೆಗೆ ಮರಾಠಿಯಲ್ಲಿ ಹೇಳಿದರು. ಶಾಲೆಯ ಮೆಟ್ಟಿಲು ಹತ್ತದ ಹೆಂಗಸಿನ ಬಾಯಲ್ಲಿ ನನ್ನ ಅಳತೆ! ಆ ಸ್ಥಿತಿಯಲ್ಲೂ ನನ್ನ ಎದೆ ಉಬ್ಬಿತೆಂದರೆ ನಂಬಬೇಕು. ಮಧ್ಯಾಹ್ನದ ಹೊತ್ತಿಗೆ ಮೂರನೆಯ ಮನೆಯವರೂ ಅಷ್ಟೇ ಕೊಟ್ಟರು. ಸಾಠೆಯವರು ನನ್ನೊಡನೆ ಮಾತಾಡಲಿಲ್ಲ. ಸಂಜೆ ತಮ್ಮ ವಾರ್ತೆ ಬಿಟ್ಟು, ಶುಭ್ರ ಪಗಡಿ ಸುತ್ತಿಕೊಂಡು ಎಲ್ಲರಿಗಿಂತ ಮೊದಲು ಬಂದು ಕೂತರು.

ಶಾಂತಾ ಹಾಡಿದಳು. ಅರ್ಥವಾಗದ ಕನ್ನಡದ ಹಾಡಿಗೆ ಇಡೀ ವಾಡೆ ಉಸಿರು ಬಿಗಿಹಿಡಿದು ಕೂತಿತ್ತು. ಕೊನೆಯ ಹಾಡಿನ ನಡುವೆ ಧ್ವನಿ ಕ್ಷೀಣವಾದಾಗ ಸುಭದ್ರೆ ರೇಡಿಯೊದ ಮೇಲೆ ಕೈಯಿಟ್ಟು ಕೂತಳು. ಹಾಡು ಮುಗಿಯಿತು, ಬ್ಯಾಟರಿ ಮುಗಿಯಲಿಲ್ಲ. ನಿನ್ನ ತಂಗಿಯೇ ಏನು ಎಂದು ಕಾಕು ಕೇಳಿದಾಗ ಸುಭದ್ರೆ ಅಳುತ್ತಲೇ ಹೌದೆಂದಳು. ಅವಳಷ್ಟು ಹೆಮ್ಮೆಯಿಂದ ಕೂತದ್ದನ್ನು ನಾನು ಹಿಂದೆ ಕಂಡಿರಲಿಲ್ಲ.

ಸಾಠೆಯವರು ಕಡೆಗೂ ನನ್ನತ್ತ ತಿರುಗಿ, ಲೆಕ್ಕದಂತೆ ಇನ್ನೂ ಸಾಕಷ್ಟು ಉಳಿದಿರಬೇಕಲ್ಲ, ಧ್ವನಿ ಈಗಲೇ ಏಕೆ ಇಳಿಯಿತು ಎಂದು ಕೇಳಿದರು. ಹಳೆಯ ಬ್ಯಾಟರಿ ಬರೆದಷ್ಟು ಹಿಡಿಯುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಇಡೀ ವಾಡೆ ನನ್ನ ಮುಖ ನೋಡುತ್ತಿತ್ತು. ಗಂಟಲು ಸರಿಮಾಡಿಕೊಂಡು ಎದ್ದು ನಿಂತೆ.

ಸುಭದ್ರೆ ಕಣ್ಣೊರೆಸಿಕೊಂಡು, ಮೊದಲು ಕೈ ಚಾಚಿ ರೇಡಿಯೊ ಆರಿಸಿದಳು.

"ಹಾಂ, ಈಗ ಹೇಳ್ರಿ" ಎಂದಳು. "ಎಷ್ಟೊತ್ತು ಬೇಕಾದ್ರೂ ಹೇಳ್ರಿ."