ಹುಡುಗಿಯ ಅಪ್ಪ ಸಪೂರವಾದರೆ

ತೂಕ ಇಳಿಸುವುದು ಕಷ್ಟ ಎನ್ನುವವರನ್ನು ಕಂಡರೆ ನನಗೆ ಕನಿಕರ. ನಿಜವಾದ ಕಷ್ಟ ಶುರುವಾಗುವುದು ಇಳಿಸಿದ ಮೇಲೆ. ಇಳಿಸುವಾಗ ನಮ್ಮ ಜಗಳ ಬರೀ ಊಟದ ತಟ್ಟೆಯ ಜೊತೆ. ಇಳಿದ ಮೇಲೆ ನೆಂಟರಿಷ್ಟರೆಲ್ಲ ಸೇರಿ ಅದನ್ನು ವಾಪಸು ಹೇರಲು ನಿಂತುಬಿಡುತ್ತಾರೆ. ನಾನು ಹನ್ನೊಂದು ಕಿಲೋ ಇಳಿಸಿದ್ದೇನೆ. ಇದನ್ನು ಹೆಮ್ಮೆಯಿಂದ ಬರೆಯಬೇಕೆಂದಿದ್ದೆ, ಆದರೆ ಈಗಲೂ ಅಕ್ಕಪಕ್ಕ ನೋಡಿಕೊಂಡೇ ಬರೆಯುತ್ತಿದ್ದೇನೆ.

ಡೊಂಬಿವಲಿಯ ನಮ್ಮ ಡಾಕ್ಟರು ನನ್ನ ಮಂಡಿನೋವು ನೋಡಿ, "ಉಪವಾಸ ಬೇಡ, ಡಬ್ಬಿಯ ಪುಡಿಗಳೂ ಬೇಡ. ಸಾಯುವವರೆಗೆ ಮಾಡಲಿಕ್ಕಾಗುವುದನ್ನು ಮಾತ್ರ ಮಾಡಿ" ಎಂದಿದ್ದರು. ಹಾಗಾಗಿ ರಾತ್ರಿ ಅನ್ನ ಅರ್ಧ ಮಾಡಿದೆ, ಸ್ಟೇಷನ್ನಿಗೆ ರಿಕ್ಷಾ ಬಿಟ್ಟು ನಡೆದೆ. ವರ್ಷ ಕಳೆದು ಮತ್ತೂ ಸ್ವಲ್ಪ ದಿನಕ್ಕೆ ಪ್ಯಾಂಟು ಜಾರತೊಡಗಿತು. ಆಫೀಸಿನ ಮರಾಠಿ ಗೆಳೆಯರು, "ಕಾಯ್ ರಾವ್, ಏಕ್‌ದಮ್ ಹೀರೋ!" ಎಂದು ಬೆನ್ನು ತಟ್ಟಿದರು. ನಾನು ಉಬ್ಬಿಹೋದೆ. ನಮ್ಮವರ ವಿಷಯ ಮರೆತೇಬಿಟ್ಟಿದ್ದೆ. ಕರಾವಳಿಯಿಂದ ಬಂದು ಇಲ್ಲಿ ಹೋಟೆಲು ನಡೆಸಿದ ನಮ್ಮ ಬಳಗದಲ್ಲಿ ಗಂಡಸಿಗೆ ಹೊಟ್ಟೆ ಇದ್ದರೆ ವ್ಯಾಪಾರ, ಸಂಸಾರ, ಆರೋಗ್ಯ ಎಲ್ಲವೂ ಸರಿ ಇದೆ ಎಂದರ್ಥ. ಮದುವೆ ಮನೆಗಳಲ್ಲಿ ಸಿಕ್ಕವರೆಲ್ಲ ನನ್ನ ಹೆಗಲ ಮೇಲೆ ಕೈಯಿಟ್ಟು ದನಿ ತಗ್ಗಿಸಿದರು.

"ಎಂತ ಮಾರಾಯ್ರೆ, ಹೀಗೆ ಸೊರಗಿದ್ದೀರಿ? ಶುಗರ್ ಉಂಟಾ?"

"ಇಲ್ಲ, ಡಯಟ್."

"ಹೌದೌದು. ಮೊದಮೊದಲು ಎಲ್ಲರೂ ಹಾಗೇ ಹೇಳುವುದು."

ಇಷ್ಟಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಅದೇ ಹೊತ್ತಿಗೆ ಮಗಳು ನಿಖಿತಾಳ ಸಂಬಂಧದ ಮಾತು ನಡೆದಿತ್ತು. ಹುಡುಗ ನಾಲ್ಕೈದು ಸ್ಟೇಷನ್ ಆಚೆಯ ನೌಪಾಡಾದವನು, ನಮ್ಮ ಬಳಗದವನೇ, ಅವಳ ಆಫೀಸಿನಲ್ಲಿರುವವನು. ಇಬ್ಬರೂ ಒಪ್ಪಿಯಾಗಿತ್ತು, ಹಿರಿಯರು ತಲೆಯಾಡಿಸುವುದೊಂದೇ ಬಾಕಿ. ಒಂದು ಸಂಜೆ ಹೆಂಡತಿಯ ದೊಡ್ಡಮ್ಮನ ಮಗಳು ಸರೋಜಕ್ಕ ಫೋನ್ ಮಾಡಿದರು. "ಹುಡುಗನ ತಾಯಿ ನನ್ನ ಹತ್ರ ವಿಚಾರಿಸ್ತಿದ್ರು. ಹುಡುಗಿಯ ಅಪ್ಪನಿಗೆ ಎಂತದೋ ದೊಡ್ಡ ಕಾಯಿಲೆ ಉಂಟಂತೆ, ಅದು ಮಕ್ಕಳಿಗೂ ಬರುವಂಥದ್ದಾ ಅಂತ."

ಹೆಂಡತಿ ಫೋನಿಟ್ಟು ನನ್ನ ಕಡೆ ತಿರುಗಿದಳು. "ನಿಮ್ಮನ್ನು ಸಪೂರ ಆಗ್ಲಿಕ್ಕೆ ಹೇಳಿದ್ದು ಯಾರು? ಇವಳ ಮದುವೆ ಆಗುವವರೆಗಾದ್ರೂ ಕಾಯ್ಲಿಕ್ಕೆ ಆಗ್ಲಿಲ್ವಾ?"

"ಮಮ್ಮೀ, ಪಪ್ಪಾ ಕಾ ರಿಪೋರ್ಟ್ ಭೇಜ್ ದೋ ನಾ," ಎಂದಳು ಇಲ್ಲೇ ಹುಟ್ಟಿ ಬೆಳೆದ ಮಗಳು.

"ಕೇಳುವ ಮೊದಲೇ ರಿಪೋರ್ಟ್ ಕಳಿಸಿದ್ರೆ ಅನುಮಾನ ಗಟ್ಟಿ ಆಗ್ತದೆ," ಎಂದಳು ಹೆಂಡತಿ. ಮಗಳು ನಕ್ಕಳು. ಆದರೆ ಆಮೇಲೆ ಮತ್ತೆ ಮತ್ತೆ ಮೊಬೈಲು ನೋಡುತ್ತಿದ್ದಳು. ನನಗೆ ನಿಜವಾಗಿಯೂ ಹೆದರಿಕೆಯಾಯಿತು. ವರದಕ್ಷಿಣೆಗೆ, ಜಾತಕಕ್ಕೆ ಮುರಿದ ಸಂಬಂಧಗಳನ್ನು ಕೇಳಿದ್ದೇನೆ. ಅಪ್ಪನ ಹೊಟ್ಟೆ ಕರಗಿದ್ದಕ್ಕೆ ಮುರಿದರೆ ನಾನು ಮಗಳ ಮುಖ ಹೇಗೆ ನೋಡಲಿ?

ಭಾನುವಾರಕ್ಕೆ ನೌಪಾಡಾದಿಂದ ಊಟದ ಕರೆ ಬಂತು. ದಪ್ಪ ಕಾಣಲಿ ಎಂದು ಹೆಂಡತಿ ನನಗೆ ಅಂಗಿಯೊಳಗೆ ಎರಡು ಬನಿಯನ್ ಹಾಕಿಸಿದಳು. "ಬಡಿಸಿದ್ದಕ್ಕೆ ಬೇಡ ಅಂದ್ರೆ ಮುಗೀತು, ಗೊತ್ತಾಯ್ತಲ್ಲ?" ಆ ಬನಿಯನ್ನುಗಳ ದೆಸೆಯಿಂದ ಅವರ ಮನೆಯ ಫ್ಯಾನಿನ ಕೆಳಗೂ ನಾನು ಧಾರಾಕಾರ ಬೆವರಿದೆ. ಹುಡುಗನ ತಾಯಿ ನೋಡಿಯೇ ನೋಡಿದರು. "ಹೀಗೆ ಯಾವಾಗಲೂ ಬೆವರ್ತದಾ ನಿಮಗೆ?"

ನಾನು ಕೋರಿ ರೊಟ್ಟಿಗೆ ಕೈಹಾಕಿದೆ. ರೊಟ್ಟಿಯ ಮೇಲೆ ಕೋಳಿಸಾರು, ಅದರ ಹಿಂದೆ ನೀರುದೋಸೆ, ಆಮೇಲೆ ಅನ್ನ. ನಾನು ಒಂದೊಂದು ಸಲ ಹಾಕಿಸಿಕೊಂಡಾಗಲೂ ಆಕೆಯ ಮುಖ ಅಷ್ಟಷ್ಟೇ ಅರಳುತ್ತಿತ್ತು. ಒಂದು ದಿನದ ಊಟಕ್ಕೆ ಹೆದರಬೇಡಿ, ಮರುದಿನ ದಾರಿಗೆ ಬಂದರೆ ಸಾಕು ಎಂದಿದ್ದ ಡಾಕ್ಟರನ್ನು ನೆನೆದು ಧೈರ್ಯ ತಂದುಕೊಂಡೆ. ಕೊನೆಗೆ ಪಾಯಸ ಬಂತು. ಬಟ್ಟಲು ತುಂಬಿದ ಸೌಟು ನಿಂತಲ್ಲೇ ನಿಂತು ನನ್ನನ್ನು ಕಾದಿತ್ತು. ಮಗಳು ತಲೆ ತಗ್ಗಿಸಿದ್ದಳು. ನಾನು ಅಷ್ಟನ್ನೂ ಕುಡಿದು, ಬಟ್ಟಲು ಮುಂದಕ್ಕೆ ಚಾಚಿ, "ಇನ್ನೂ ಸ್ವಲ್ಪ ಹಾಕಿ" ಎಂದೆ.

ಆಕೆ ದೊಡ್ಡದಾಗಿ ನಕ್ಕುಬಿಟ್ಟರು. "ಜನ ಸುಮ್ಮನೆ ಎಂತೆಂತದೋ ಹೇಳ್ತಾರೆ! ಇನ್ನು ಮದುವೆಗೆ ದಿನ ನೋಡುವ, ಆಗದಾ?" ಮಗಳು ತಲೆಯೆತ್ತಿ ನನ್ನನ್ನು ನೋಡಿದ ನೋಟಕ್ಕೆ ಇನ್ನೊಂದು ಬಟ್ಟಲು ಕುಡಿಯುತ್ತಿದ್ದೆ, ಹೊಟ್ಟೆಯಲ್ಲಿ ಜಾಗವಿದ್ದಿದ್ದರೆ.

ಮರಳುವಾಗ ಲೋಕಲ್ ಟ್ರೇನಿನಲ್ಲಿ ಕಿಟಕಿಯ ಪಕ್ಕವೇ ಸೀಟು ಸಿಕ್ಕಿತು. ಹೆಂಡತಿ ಸೀರೆಗಳ ಲೆಕ್ಕಾಚಾರ ಶುರುಮಾಡಿದ್ದಳು. ನಾನು ಕಿಟಕಿಯ ಹೊರಗೇ ನೋಡುತ್ತಿದ್ದೆ.

"ಎಂತ, ಹೊಟ್ಟೆ ಭಾರವಾ?" ಎಂದಳು.

"ಹಾಗಲ್ಲ. ಹುಡುಗನ ಅಪ್ಪನನ್ನು ನೋಡಿದೆಯಾ? ಎರಡೇ ತುತ್ತು ಅನ್ನ. ಪಾಯಸ ಮುಟ್ಟಲೇ ಇಲ್ಲ. ಕಾಲರಿನೊಳಗೆ ಕುತ್ತಿಗೆ ಅಲ್ಲಾಡ್ತದೆ. ಡಯಟ್ ಅಂತ ಏನೋ ಹೇಳಿದ್ರು." ನಾನು ದನಿ ತಗ್ಗಿಸಿದೆ. "ಯಾವುದಕ್ಕೂ ಸರೋಜಕ್ಕನಿಗೊಂದು ಫೋನ್ ಮಾಡು."