ಅಡಿಕೆಗಣಪತಿಯನ್ನು ನುಂಗಿ ಕೂತ ಚೇಂಬರ್ ಸಾಹೇಬರಿಗೆ

ಶ್ರೀಮಾನ್ ಚೇಂಬರ್ ಸಾಹೇಬರ ಎಣ್ಣೆ ಜಿನುಗುವ ಸನ್ನಿಧಿಗೆ,

ಮಾನ್ಯರೇ,

ಕೊಲ್ಹಾಪುರದ ಶುಕ್ರವಾರ ಪೇಠೆಯಿಂದ ಕುಮುದಿನಿ ಮಗ್ದೂಮ್ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂದದ್ದು ಬರೀ ಮರ್ಯಾದೆಯ ಮಾತಲ್ಲ; ಇಂದು ಬೆಳಿಗ್ಗೆ ತಾವು ನಡುಮನೆಯ ನೆಲಕ್ಕೆ ಹರಿಸಿದ ಎಣ್ಣೆಯಲ್ಲಿ ಕಾಲು ಜಾರಿ ನಾನು ನಿಜವಾಗಿಯೂ ಹಾಗೆಯೇ ಬಿದ್ದೆ.

ತಮ್ಮನ್ನು ಪುಸ್ತಕಗಳಲ್ಲಿ ಕ್ರ್ಯಾಂಕ್‌ಕೇಸ್ ಎನ್ನುತ್ತಾರಂತೆ. ನಮ್ಮ ಪೇಠೆಯ ಗ್ಯಾರೇಜುಗಳಲ್ಲಿ ತಾವು ಚೇಂಬರ್. ಎಂಜಿನ್ನಿನ ತಳದಲ್ಲಿ ಕೂತು, ಎಣ್ಣೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು, ಒಳಗೆ ತಿರುಗುವವರ ರಂಪಾಟವನ್ನೆಲ್ಲ ಬಾಯಿ ಮುಚ್ಚಿಕೊಂಡು ಸಹಿಸುವ ಅಲ್ಯುಮಿನಿಯಂ ಪೆಟ್ಟಿಗೆ ಎಂದು ತಮ್ಮ ವರ್ಣನೆ ಕೇಳಿದಾಗ, ಈ ಮನೆಯಲ್ಲಿ ಆ ಕೆಲಸ ಮಾಡುತ್ತಿರುವವಳು ನಾನಲ್ಲವೇ ಎಂದು ನನಗೆ ಅನುಮಾನ ಬಂದದ್ದುಂಟು. ಆದರೆ ನಾನು ಸೋರಿದರೆ ಕೆಳಗೆ ಯಾರೂ ಪರಾತ ಇಡುವುದಿಲ್ಲ. ತಮ್ಮ ಕೆಳಗೆ ಇಟ್ಟಿರುವುದು ನಾನು ರೊಟ್ಟಿಯ ಹಿಟ್ಟು ನಾದುವ ಪರಾತ.

ನನ್ನ ಅಹವಾಲಿಗೆ ಬರುತ್ತೇನೆ. ನನ್ನ ಮದುವೆ ಕುದುರಿದ್ದೇ ತಮ್ಮ ಹೆಸರಿನ ಮೇಲೆ. "ಹುಡುಗಗ ಹೊಲ ಇಲ್ಲ, ಖರೇ ಅದ. ಆದ್ರ ಮೋಟರ್‌ಸೈಕಲ್ ಐತಿ" ಎಂದು ನಡುವೆ ನಿಂತ ಮಾಮಾ, ಗಾರಗೋಟಿಯ ನನ್ನ ತವರಿನ ಅಂಗಳದಲ್ಲಿ ಹೇಳಿದ್ದರು; ನನ್ನ ತಾಯಿ ಅಕ್ಕಾತಾಯಿ ಆ ಒಂದು ಮಾತಿಗೆ ಮರುಳಾಗಿ ಒಪ್ಪಿದಳು. ಆಮೇಲೆ ನನ್ನ ಕೂದಲು ನರೆಯಿತು, ತಮ್ಮ ಬಣ್ಣ ಹೋಯಿತು, ಆದರೆ ಆ ಗಾಡಿ ಇಂದಿಗೂ ಅವಳ ಕಣ್ಣಿಗೆ ಬಿದ್ದಿಲ್ಲ. ಪ್ರತಿ ವರ್ಷ ಗೌರಿ ಹಬ್ಬಕ್ಕೆ ನಾವು ಇಲ್ಲಿ ಮೋಟರ್‌ಸೈಕಲ್ ಹತ್ತುತ್ತೇವೆ, ಅಲ್ಲಿ ಎಸ್.ಟಿ. ಬಸ್ಸಿನಿಂದ ಇಳಿಯುತ್ತೇವೆ. "ಎಲ್ಲೈತಿ ಗಾಡಿ?" ಎಂದು ಅವಳು ಕೇಳುತ್ತಾಳೆ, "ದಾರ್ಯಾಗ ಕೆಟ್ಟೈತಿ, ಆಯಿ" ಎಂದು ನಾನು ಹೇಳುತ್ತೇನೆ, "ಇಲ್ಲದ ಗಾಡಿ ಹ್ಯಾಂಗ ಕೆಡತೈತಿ ಬೇ?" ಎಂದು ಅವಳು ಮುಖ ತಿರುಗಿಸುತ್ತಾಳೆ. ಸುಳ್ಳು ಹೇಳಿ ತನ್ನ ಮಗಳನ್ನು ಮಾಡಿಕೊಂಡರೆಂದು ಊರ ತುಂಬ ಆಡಿದ್ದಾಳೆ; ಆ ಸಿಟ್ಟಿಗೆ ಈ ಮನೆಯ ಹೊಸ್ತಿಲನ್ನೂ ತುಳಿದವಳಲ್ಲ. ಈಗ ಅವಳಿಗೆ ಎಂಬತ್ತು ದಾಟಿದೆ, ಕಣ್ಣಿಗೆ ಪೊರೆ ಬಂದಿದೆ. ಅವಳು ಇರುವಾಗಲೇ ಒಮ್ಮೆ, ಒಂದೇ ಒಂದು ಸಲ, ನಾನು ಹಿಂದಿನ ಸೀಟಿನಲ್ಲಿ ಕೂತು ಫಟಫಟ ಸದ್ದಿನೊಂದಿಗೆ ಅವಳ ಬಾಗಿಲಲ್ಲಿ ಇಳಿಯಬೇಕು. ಇಷ್ಟು ಸಣ್ಣ ಆಸೆಗೆ ನಾನು ಅತ್ತದ್ದೂ ಉಂಟು.

ತಮ್ಮ ಉಪಕಾರಗಳನ್ನು ಮರೆತವಳು ಎಂದು ತಾವು ತಿಳಿಯಬಾರದು. ನಮ್ಮ ಯಜಮಾನರು (ಹೆಸರನ್ನು ಬಾಯಿಂದ ಹೇಳುವಂತಿಲ್ಲ, ಕೈಯಿಂದ ಬರೆಯಬಹುದು: ಪಿರಾಜಿರಾವ್) ತಾಲೀಮಿನ ಮಣ್ಣಿನಲ್ಲಿ ಕುಸ್ತಿ ಆಡಿ ಬೆಳೆದವರಾದ್ದರಿಂದ, ತಮ್ಮ ತಳದ ಎಣ್ಣೆ ಬೋಲ್ಟನ್ನು ಎದುರಾಳಿಯ ಕತ್ತೆಂದು ಭಾವಿಸಿ ತಿರುವಿ ತಿರುವಿ ಚಿತ್ ಮಾಡಿದರು; ಒಳಗಿನ ತಿರುಪುಗೆರೆಗಳು ಸವೆದು ಹೋಗಿ ತಾವು ಜೀವಮಾನದ ತೊಟ್ಟಿಕ್ಕುವಿಕೆಯನ್ನು ಕರುಣಿಸಿದಿರಿ. ಮತ್ತೊಂದು ಗೌರಿ ಹಬ್ಬಕ್ಕೆ ಗಾರಗೋಟಿಯ ದಾರಿಯ ಇಸ್ಪುರ್ಲಿಯ ಹತ್ತಿರ ಚೈನು ಕಡಿದು ಮುದ್ದೆಯಾಗಿ ಬಂದು ಬಡಿದಾಗ, ತಾವು ಕೊಂಚವೂ ಪ್ರತಿಭಟಿಸದೆ ತಮ್ಮ ಪಕ್ಕೆಯ ಗೋಡೆಯನ್ನು ಬಿಟ್ಟುಕೊಟ್ಟಿರಿ. ತಮ್ಮ ಎರಡು ಅರ್ಧಗಳು ಅಂಟಿಕೊಂಡು ಬಿಡಲೊಲ್ಲವೆಂದಾಗ ನಮ್ಮ ಓಣಿಯ ಗ್ಯಾರೇಜಿನ ದಸ್ತಗೀರ್ ಮಿಸ್ತ್ರಿ ನಡುವೆ ಸ್ಕ್ರೂಡ್ರೈವರ್ ತುರುಕಿ ಮೀಟಿದ ದಿನದಿಂದ ಆ ಅರ್ಧಗಳು ಮತ್ತೆ ಸರಿಯಾಗಿ ಕೂಡಿಲ್ಲ, ಮನಸ್ತಾಪವಾದ ಅಣ್ಣತಮ್ಮಂದಿರ ಹಾಗೆ. ಈ ಮಿಸ್ತ್ರಿಗೆ ಮಾತ್ರ ತಮ್ಮ ಮೇಲೆ ಅಪಾರ ಅಭಿಮಾನ. "ಎಣ್ಣಿ ಸೋರಾಕತ್ತೈತಿ ಅಂದ್ರ ಒಳಗ ಎಣ್ಣಿ ಐತಿ ಅಂತ ಖಾತ್ರಿ ಆತಲ್ಲ, ವೈನಿ! ಸೋರೂದು ನಿಂತ ದಿನ ಅಂಜಬೇಕು" ಎಂದು ನನಗೇ ಬುದ್ಧಿ ಹೇಳುತ್ತಾನೆ.

ಇಷ್ಟಾದರೂ ಈ ವರ್ಷ ತಾವು ಬೆಸುಗೆ ಹಾಕಿಸಿಕೊಂಡು, ಸಂದಿಗೆ ಹೊಸ ಪ್ಯಾಕಿಂಗ್ ತೊಟ್ಟು, ನೆಲಕ್ಕೆ ಹನಿಯನ್ನೂ ಬೀಳಿಸದೆ ಸಭ್ಯರಂತೆ ನಿಂತಿದ್ದಿರಿ. ಹೊರಡುವ ಬೆಳಿಗ್ಗೆ ನಮ್ಮ ಅತ್ತೆ ಹೌಸಾಬಾಯಿ, ದಾರಿಯಲ್ಲಿ ವಿಘ್ನ ಬಾರದಿರಲೆಂದು ಒಂದು ಅಡಿಕೆಯನ್ನು ಗಣಪತಿಯೆಂದು ತಂದರು. ಕೂಡಿಸಲು ಸಮನಾದ ಜಾಗ ಸಿಗದೆ ಗಾಡಿಯ ಸುತ್ತ ಹುಡುಕಿದರು. ತಮ್ಮ ಹಿಂಬದಿಯ ಬ್ರೀದರ್ ಪೈಪಿನ, ಅಂದರೆ ತಾವು ಉಸಿರು ಬಿಡುವ ಆ ಪುಟ್ಟ ನಳಿಗೆಯ ಬಾಯಿ ಕಂಡಿತು. ಅಡಿಕೆ ಅಳತೆ ತೆಗೆದು ಮಾಡಿಸಿದಂತೆ ಅದರಲ್ಲಿ ಕೂತಿತು. ಅರಿಶಿನ ಕುಂಕುಮ ಏರಿಸಿ ಕೈಮುಗಿದರು; ನಾವೂ ಮುಗಿದೆವು.

ಉಸಿರು ಕಟ್ಟಿದ ತಾವು ಊರು ದಾಟುವ ಮೊದಲೇ ಇದ್ದಬದ್ದ ಸಂದಿಗಳಿಂದೆಲ್ಲ ಎಣ್ಣೆ ಕಾರಿ, ಇಸ್ಪುರ್ಲಿಯ ಏರಿನಲ್ಲಿ ಬಹುಪಾಲು ಬರಿದಾಗಿ ಬಿಗಿದುಕೊಂಡಿರಿ. ಒಳಗಿನ ಕನೆಕ್ಟಿಂಗ್ ರಾಡು ಮುರಿದು ತಮ್ಮ ಹೊಟ್ಟೆಯನ್ನು ತೂರಿಕೊಂಡು, ಯಾವ ಊರು ಬಂತೆಂದು ನೋಡುವಂತೆ ಹೊರಗೆ ಇಣುಕಿತು. ಗಣಪತಿಯನ್ನು ದಾರಿಯಲ್ಲಿ ಬಿಟ್ಟು ಬಸ್ಸು ಹತ್ತುವಂತಿರಲಿಲ್ಲ; ಹಾಲಿನ ಟೆಂಪೋದಲ್ಲಿ ಯಜಮಾನರು, ನಾನು, ತಾವು ಮೂವರೂ ಮನೆಗೆ ವಾಪಸಾದೆವು.

ಕಾರಣ ತಿಳಿದ ಮೇಲೆ ಅಡಿಕೆ ಕೀಳುವುದು ಒಂದು ಚಣದ ಕೆಲಸ ಎಂದುಕೊಂಡದ್ದು ನನ್ನ ದಡ್ಡತನ. "ಅಡಕಿ ಅನಬ್ಯಾಡ್ರಿ, ಗಣಪತಿ ಅದು! ವಿಸರ್ಜನಾ ಆಗೂ ತನಕ ಯಾವನರ ಕೈ ಹಚ್ಚಿದ್ರ ನೋಡ್ರಿ ಮತ್ತ" ಎಂದು ಅತ್ತೆ ಅಡ್ಡ ನಿಂತರು. ಮಿಸ್ತ್ರಿಯಾದರೂ ಬಿಡಿಸಿಯಾನೆಂದರೆ, "ವೈನಿ, ನಾ ಗಣಪತಿ ಮಂಡಳದ ಖಜಾಂಚಿ ಅದೇನಿ. ತಿಥಿ ಬಿಟ್ಟು ವಿಸರ್ಜನಾ ಮಾಡಿದ್ರ ಓಣಿಯಾಗ ತಲಿ ಎತ್ತಿ ತಿರಗಲ್ಯಾ?" ಎಂದು ಅತ್ತೆಗಿಂತ ಮಡಿವಂತನಾದ. ಹೀಗಾಗಿ ಉಳಿದ ಗಾಡಿಯನ್ನು ಮಿಸ್ತ್ರಿಯ ಗ್ಯಾರೇಜಿನಲ್ಲಿ ಬಿಟ್ಟು, ತಮ್ಮನ್ನು ಪೈಪು ಸಮೇತ, ಗಣಪತಿ ಸಮೇತ ಕಳಚಿ, ನಡುಮನೆಯ ಮಣೆಯ ಮೇಲೆ ನನ್ನ ಪರಾತದಲ್ಲಿ ಕೂಡಿಸಿ, ಚೆಂಡುಹೂವಿನ ಮಾಲೆ ಹಾಕಿ ದೀಪ ಹಚ್ಚಲಾಗಿದೆ.

ತಮ್ಮ ಬದಲಿಗೆ ಹಳೆ ಬಜಾರಿನಿಂದ ಬೇರೊಬ್ಬರನ್ನು ತರಬಾರದೇ ಎಂದು ತಾವು ಕೇಳಬಹುದು. ಎಂಜಿನ್ನಿನ ನಂಬರನ್ನು ಸರಕಾರ ಕೆತ್ತಿಸಿರುವುದು ತಮ್ಮ ಮೈಮೇಲೆ. ತಾವು ಹೋದರೆ ಮಾಮಾ ಹೇಳಿದ ಆ ಮೋಟರ್‌ಸೈಕಲ್ಲೇ ಹೋದಂತೆ; ನಮ್ಮ ಮನೆಯಲ್ಲಿರುವುದು ಇನ್ನಾರದೋ ಗಾಡಿ ಎಂದು ಆರ್.ಟಿ.ಓ. ಆಫೀಸಿನವರೇ ಹೇಳಿ, ನನ್ನ ತಾಯಿಯ ಇಷ್ಟು ವರ್ಷಗಳ ಆಪಾದನೆಗೆ ಮೊಹರು ಒತ್ತುತ್ತಾರೆ.

ನಾವು ಬಾರದ್ದನ್ನು ಕಂಡು ಆ ತಾಯಿಯೇ ಇಂದು ಮಧ್ಯಾಹ್ನ ಬಸ್ಸು ಹತ್ತಿ ಬಂದಳು. ಪೊರೆ ಬಂದ ಕಣ್ಣಿಗೆ ಹೂವು, ದೀಪ, ಅರಿಶಿನ ಕಂಡವು. "ಗೌರವ್ವನ್ನ ಭಾಳ ದಪ್ಪ ಕೂಡಿಸೀರಲ್ಲ ಬೇ" ಎಂದವಳೇ ತಮ್ಮ ಮುಂದೆ ಕಾಲು ಮಡಚಿ ಕೂತು, ಸೆರಗಿನ ಗಂಟು ಬಿಚ್ಚಿ, ರಾಡು ಮಾಡಿದ ಆ ತೂತಿನಲ್ಲಿ ಖಣ, ಅಕ್ಕಿ ಹಾಕಿ ಉಡಿ ತುಂಬಿದಳು. ನಾನು ತಡೆಯಲು ಬಾಯಿ ತೆರೆದೆ. ಆಯಿ, ನೀನು ಉಡಿ ತುಂಬಿದ್ದು ಅದೇ ಮೋಟರ್‌ಸೈಕಲ್ಲಿಗೆ ಎಂದರೆ ಅವಳು ನಂಬುತ್ತಿದ್ದಳೇ? ಅಷ್ಟರಲ್ಲಿ ಅವಳು ಕೈಮುಗಿದು ತಮ್ಮನ್ನು ಕೇಳಿಕೊಂಡಾಗಿತ್ತು: "ಅವ್ವಾ ಗೌರಿ, ನನ್ನ ಅಳಿಯಾ ಕೆಟ್ಟಂವ ಅಲ್ಲ. ಬಡವ ಇದ್ದಾ, ಮದವಿ ಆಗಬೇಕಂತ ಒಂದು ಮಾತು ಹೇಳಿದಾ. ನಾ ಹ್ವಾದ ಮ್ಯಾಲಾದ್ರೂ ಅಡ್ಡಿಯಿಲ್ಲ, ಅವಗೊಂದು ಮೋಟರ್‌ಸೈಕಲ್ ಕೊಡು, ತಾಯಿ. ನನ್ನ ಮಗಳು ಸುಳ್ಳು ಹೇಳಿ ಹೇಳಿ ದಣದಾಳ."

ಬಾಗಿಲಲ್ಲಿ ನಿಂತಿದ್ದ ನಮ್ಮ ಯಜಮಾನರು ಎಣ್ಣೆಗೈಯಲ್ಲೇ ಕಣ್ಣು ಒರೆಸಿಕೊಂಡರು.

ಆದ್ದರಿಂದ ಮಾನ್ಯರೇ, ಈವರೆಗೆ ತಾವು ನನ್ನ ಗಂಡನ ಮಾತನ್ನಾಗಲಿ ಮಿಸ್ತ್ರಿಯ ಸ್ಪ್ಯಾನರನ್ನಾಗಲಿ ಲೆಕ್ಕಕ್ಕಿಟ್ಟವರಲ್ಲ. ಆದರೆ ಈಗ ಒಬ್ಬ ಮುದುಕಿಯ ಉಡಿ ಅಕ್ಕಿ ತಮ್ಮ ಹೊಟ್ಟೆಯಲ್ಲಿದೆ. ವಿಸರ್ಜನೆಯವರೆಗೆ ಉಸಿರು ಹಿಡಿದು, ಗಾಯಕ್ಕೆ ಸವರಿದ ಅರಿಶಿನದಿಂದ ತೂತನ್ನು ತಾವೇ ಮಾಯಿಸಿಕೊಂಡು, ಅವಳು ಹಿಂದಿರುಗಿ ಮನೆ ಸೇರುವ ಮೊದಲೇ ಗಾರಗೋಟಿಯ ಆ ಬಾಗಿಲಿಗೆ ನಮ್ಮನ್ನು ಮುಟ್ಟಿಸಬೇಕಾಗಿ ಬೇಡುತ್ತೇನೆ. ಇಲ್ಲವಾದರೆ ದೇವರಾಗಿ ಕೂತಿರುವ ತಮ್ಮನ್ನು ಬಯ್ಯುವ ಹಕ್ಕನ್ನಾದರೂ ನನಗೆ ವಾಪಸು ಕೊಡಿ.

ಬೇರೆ ಗತಿಯಿಲ್ಲದ ತಮ್ಮ ವಿಶ್ವಾಸಿ,
ಕುಮುದಿನಿ ಪಿರಾಜಿರಾವ್ ಮಗ್ದೂಮ್

ತಾ.ಕ.: ಉಡಿಯ ಅಕ್ಕಿಯನ್ನು ಎಸೆಯುವಂತಿಲ್ಲ, ನಾಳೆ ಅದರದೇ ಪಾಯಸ ಆಗಬೇಕೆಂದು ಅತ್ತೆಯ ಅಪ್ಪಣೆಯಾಗಿದೆ. ಸೋರಿದರೆ ಒಳಗೆ ಎಣ್ಣೆ ಇದೆಯೆಂದು ಖಾತ್ರಿ ಎನ್ನುವ ದಸ್ತಗೀರ್ ಮಿಸ್ತ್ರಿಗೆ ಮೊದಲ ಬಟ್ಟಲು ಬಡಿಸಿ, ಅದರಲ್ಲಿಯೂ ಎಣ್ಣೆ ಇದೆಯೆಂದು ಅವನಿಂದಲೇ ಖಾತ್ರಿ ಮಾಡಿಸಿಕೊಳ್ಳುವವಳಿದ್ದೇನೆ.