ನಂಜುಬಳ್ಳಿಯೂ ಪ್ರಿಸಿಲ್ಲಾಳ ಮಂಗಳಸ್ನಾನವೂ

ಗರ್ವ ಪಡಬಾರದೆಂದು ನಮ್ಮ ಪಾದ್ರಿಗಳು ವರ್ಷಕ್ಕೊಮ್ಮೆ ತಪ್ಪದೆ ಬೋಧಿಸುತ್ತಾರೆ. ಆ ಒಂದು ಭಾನುವಾರ ಮಾತ್ರ ಅವರ ಕಣ್ಣು ನಾನು ಕೂತ ಬೆಂಚಿನ ಮೇಲೇ ಏಕೆ ನೆಡುತ್ತದೋ ನಾನರಿಯೆ. ಇಲ್ಲದ್ದನ್ನು ಇದೆ ಎಂದರೆ ಜಂಬ, ಒಪ್ಪಿದೆ. ಇದ್ದದ್ದನ್ನು ಇದೆ ಎಂದರೆ ಅದು ಬರೀ ವರದಿ. ವರ್ಲೀನ್ ಎಂಬ ಹೆಸರಿನ ನಾನು ವರದಿ ಮಾತ್ರ ಮಾಡುವವಳು.

ವರದಿ ಏನೆಂದರೆ, ವೆಸ್ಟ್ ವರ್ಜೀನಿಯದ ನಮ್ಮ ಈ ಫಿಡ್ಲರ್ ಕಣಿವೆಯಲ್ಲಿ ನನ್ನ ಕೈಗುಣಕ್ಕೆ ಸಾಟಿಯಿಲ್ಲ. ಕೋಳಿ ತೂಕಡಿಸಿತೇ? ಕುಡಿಯುವ ನೀರಿಗೆ ಬೆಳ್ಳುಳ್ಳಿ ಜಜ್ಜಿ ಹಾಕುತ್ತೇನೆ. ಹೇನು ಹತ್ತಿತೇ? ಒಲೆಬೂದಿಯಲ್ಲಿ ಹೊರಳಾಡಿಸುತ್ತೇನೆ. ಮೊಟ್ಟೆ ಒಳಗೇ ಕಟ್ಟಿಕೊಂಡು ಒದ್ದಾಡುತ್ತಿದೆಯೇ? ಬಿಸಿನೀರಿಗೆ ಎಪ್ಸಂ ಉಪ್ಪು ಕದಡಿ ಸೊಂಟ ಮುಳುಗುವವರೆಗೆ ಕೂರಿಸುತ್ತೇನೆ. ಇನ್ನು ಮನುಷ್ಯರು ನಂಜುಬಳ್ಳಿ ತಾಗಿಸಿಕೊಂಡು ಮೈಯೆಲ್ಲ ಬೊಬ್ಬೆ ಎದ್ದು ಕುಣಿಯುತ್ತ ಬಂದರಂತೂ ಒಡವೆಸೊಪ್ಪಿನ ಕಷಾಯ. ಹಳ್ಳದ ಬದಿಯಲ್ಲಿ ಕಿತ್ತಳೆ ಬಣ್ಣದ ಹೂ ಬಿಡುವ ಆ ಗಿಡದ ಮೇಲೆ ನೀರು ಬಿದ್ದರೆ ಮುತ್ತು ಪೋಣಿಸಿದಂತೆ ಹೊಳೆಯುತ್ತದೆ, ಅದಕ್ಕೇ ಆ ಹೆಸರು. ನಮ್ಮ ಅಜ್ಜಿ ಕೊಟ್ಟ ಒಡವೆ ಅದೊಂದೇ.

ಇಷ್ಟು ಖ್ಯಾತಿಯ ಮೇಲೆ ಚರ್ಚಿನ ಮಹಿಳಾ ಸಂಘದವರು, ಗುರುವಾರದ ಸಭೆಯಲ್ಲಿ ಮನೆಮದ್ದಿನ ಬಗ್ಗೆ ಪ್ರಾತ್ಯಕ್ಷಿಕೆ ಸಹಿತ ಉಪನ್ಯಾಸ ಕೊಡಬೇಕೆಂದು ನನ್ನನ್ನು ಕೇಳಿಕೊಂಡರು. (ಕೇಳಿಕೊಳ್ಳುವಂತೆ ನಾನು ನಾಲ್ಕಾರು ಸಲ ಸೂಚಿಸಿದ್ದೆ ನಿಜ. ಕೊನೆಗೆ ಕೇಳಿಕೊಂಡವರು ಅವರೇ ತಾನೆ.)

ಉಪನ್ಯಾಸ ಗೊತ್ತಾದ ವಾರವೇ ನನ್ನ ಗಂಡ ಹೋಬಾರ್ಟ್ ಕೈ ಕೆರೆದುಕೊಳ್ಳುತ್ತ ಅಡುಗೆಮನೆಗೆ ಬಂದ. ಇವನು ಜೀವಮಾನವೆಲ್ಲ ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು. ಅಷ್ಟು ಮಕ್ಕಳ ಗದ್ದಲ ಕೇಳಿ ಕೇಳಿ ತನ್ನ ಪಾಲಿನ ಮಾತನ್ನು ಯಾರಿಗೋ ದಾನ ಕೊಟ್ಟವನಂತೆ ಇರುತ್ತಾನೆ. ತೋಳು ನೋಡಿದೆ. ಮೊಣಕೈಯಿಂದ ಮಣಿಕಟ್ಟಿನವರೆಗೆ ಕೆಂಪು ಗೆರೆ, ಗೆರೆಯುದ್ದಕ್ಕೂ ನೀರುಗುಳ್ಳೆ. ಕತ್ತಿನ ಒಂದು ಪಕ್ಕಕ್ಕೂ ಅದೇ ಅಲಂಕಾರ.

ನನಗೆ ಎಂಥ ಸಂತೋಷವಾಯಿತೆಂದರೆ! (ಗಂಡನ ಕಷ್ಟಕ್ಕೆ ಹಿಗ್ಗುವ ಹೆಂಗಸು ನಾನಲ್ಲ. ಆದರೆ ಪ್ರಾತ್ಯಕ್ಷಿಕೆಗೆ ರೋಗಿ ಮನೆಬಾಗಿಲಿಗೇ ಬಂದರೆ ಯಾವ ವೈದ್ಯೆ ಬೇಡವೆನ್ನುತ್ತಾಳೆ?)

"ನಂಜುಬಳ್ಳಿ! ಎಲ್ಲಿ ಹೋಗಿ ತಗುಲಿಸ್ಕೊಂಡೆ?" ಎಂದೆ.

"ಎಲ್ಲೂ ಹೋಗ್ಲಿಲ್ಲ."

"ಸುಳ್ಳು. ಹಳ್ಳದ ಕಡೆ ಕದ್ದು ಮೀನು ಹಿಡಿಯಕ್ಕೆ ಹೋಗಿದ್ದೀಯ. ಅಲ್ಲಿ ಬೇಲಿ ತುಂಬ ಅದೇ ಬಳ್ಳಿ."

"ಗಾಳ ಅಟ್ಟದ ಮೇಲಿದೆ ಕಣೇ. ಬಚ್ಚಿಟ್ಟಿದ್ದು ನೀನೇ."

"ಹಾಗಾದ್ರೆ ಬಳ್ಳಿ ತಾನೇ ನಡ್ಕೊಂಡು ಬಂದು ನಿನ್ನ ತಬ್ಕೊಂಡ್ತಾ?"

ಅವನು ಯೋಚಿಸಿದ. "ಈಚೆಗೆ ನಾನು ತಬ್ಕೊಂಡಿದ್ದು ಅಂದ್ರೆ ಪ್ರಿಸಿಲ್ಲಾನ ಒಬ್ಬಳನ್ನೇ. ದಿನಾ ಸಂಜೆ ಎತ್ಕೊಂಡು ಬಂದು ಗೂಡಿಗೆ ಬಿಡ್ತೀನಲ್ಲ. ಅವಳಿಂದ್ಲೇ ಬಂದಿರ್ಬೇಕು."

ಪ್ರಿಸಿಲ್ಲಾ ಎಂದರೆ ಗಾಬರಿಯಾಗಬೇಡಿ. ಅದು ನನ್ನ ಹೇಂಟೆ. ಮೈತುಂಬ ಕಪ್ಪುಬಿಳಿ ಪಟ್ಟೆ, ರಾಣಿಯ ನಡಿಗೆ, ನನ್ನ ಹಿತ್ತಲಿನ ಕಿರೀಟ. ಕೆಲವು ದಿನಗಳಿಂದ ಅದಕ್ಕೆ ಏನೋ ಆಗಿತ್ತು. ಗೂಡಿನಲ್ಲಿ ಮೊಟ್ಟೆ ಇಡುವುದು ನಿಲ್ಲಿಸಿತ್ತು. ಪುಕ್ಕ ಕೆದರಿಕೊಂಡು, ಗೊರಗೊರ ಎನ್ನುತ್ತ, ಹಳೆಯ ಹೊಗೆಮನೆಯ ಹತ್ತಿರ ಒಂದು ಸುತ್ತು ಅಡ್ಡಾಡುವುದು, ಮಾಯವಾಗುವುದು. (ಹೊಗೆಮನೆ ಎಂದರೆ ನಮ್ಮ ಮಾವನ ಕಾಲದಲ್ಲಿ ಹಂದಿಮಾಂಸ ಹೊಗೆಗಿಡುತ್ತಿದ್ದ ಗುಡಿಸಲು.) ಸಂಜೆಗೆ ತಾನಾಗಿ ಬರುತ್ತಲೂ ಇರಲಿಲ್ಲ. ಮೇಯಲು ಹೊರಬಿದ್ದಾಗ ಹೋಬಾರ್ಟ್ ಹಿಡಿದು ಕಂಕುಳಲ್ಲಿ ಇರುಕಿ ತರಬೇಕಾಗಿತ್ತು.

"ನನ್ನ ಕೋಳಿಗೆ ಅಪವಾದ ಹೊರಿಸ್ತೀಯಾ?" ಎಂದೆ. "ಕೋಳಿಗೆ ಎಲ್ಲಾದ್ರೂ ನಂಜುಬಳ್ಳಿ ತುರಿಕೆ ಬರುತ್ತಾ? ಅದರ ಮೈಮೇಲೆ ಒಂದು ಗುಳ್ಳೆ ತೋರಿಸು ನೋಡೋಣ."

"ಮನೇಲಿ ಹೆಂಡ್ತಿ, ಹಿತ್ತಲಲ್ಲಿ ಹೇಂಟೆ. ಇಬ್ರೂ ಕುಕ್ಕೋದು ನನ್ನನ್ನೇ," ಎಂದು ಗೊಣಗಿ ಅವನು ತೋಳು ಚಾಚಿ ಕೂತ.

ಕಷಾಯ ಹಚ್ಚಿದೆ. ಓಟ್ಸ್ ಅರೆದು ಮೆತ್ತಿದೆ. ಬೊಬ್ಬೆ ಒಣಗಿತು. ನಾನು ಉಪನ್ಯಾಸದ ಮೊದಲ ವಾಕ್ಯ ಬಾಯಿಪಾಠ ಮಾಡುವಷ್ಟರಲ್ಲಿ ಪಕ್ಕದಲ್ಲೇ ಹೊಸ ಬೊಬ್ಬೆ ಎದ್ದಿತು. ಅದಕ್ಕೂ ಹಚ್ಚಿದೆ. ಅದು ಇಳಿದರೆ ಮತ್ತೊಂದು. ಅವನ ತೋಳು ನನ್ನ ಅಜ್ಜಿಯ ಮೇಲೆ ದಂಗೆ ಎದ್ದಂತಿತ್ತು.

ಇದು ಡೆಲ್ಫಾಳ ಕಿವಿಗೆ ಬಿತ್ತು. ಡೆಲ್ಫಾ ನನ್ನ ನೆರೆಯವಳು. ಯಾವ ಕಾಯಿಲೆಗಾದರೂ ಪಟ್ಟಣದ ಔಷಧಿ ಅಂಗಡಿಯ ಗುಲಾಬಿ ಬಣ್ಣದ ಲೋಷನ್ನೇ ಮೋಕ್ಷ ಎಂದು ನಂಬಿದವಳು. ಬೇಲಿಯ ಆಚೆ ನಿಂತು, ಹೋಬಾರ್ಟನ ತೋಳನ್ನು ಸಂತೆಯಲ್ಲಿ ಬದನೆಕಾಯಿ ನೋಡುವಂತೆ ನೋಡಿದಳು.

"ಅಯ್ಯೋ ಪಾಪ! ವರ್ಲೀನ್, ಗುರುವಾರ ಇವರನ್ನ ಕರ್ಕೊಂಡು ಬರ್ತೀಯಲ್ವಾ? ಎಲ್ಲರೂ ಕಣ್ಣಾರೆ ನೋಡ್ಲಿ, ನಿನ್ನ ಸೊಪ್ಪಿನ ಮಹಿಮೆ!"

ಅವಳ ಬಾಯಲ್ಲಿ ಜೇನು, ಕಣ್ಣಲ್ಲಿ ಮೆಣಸು. ನನ್ನ ಮಾನ ಹರಾಜಾಗುವುದರಲ್ಲಿತ್ತು. ಅಜ್ಜಿ, ಮುತ್ತಜ್ಜಿ, ಅವರ ಅಜ್ಜಿ, ಎಲ್ಲರೂ ಮೇಲಿನಿಂದ ನನ್ನನ್ನೇ ನೋಡುತ್ತಿರುವಂತೆ ಅನ್ನಿಸಿತು. ಆಗ ನನಗೆ ಮಿಂಚಿನಂಥ ಉಪಾಯ ಹೊಳೆಯಿತು.

"ಗಂಡಸರ ಚರ್ಮ ಎಮ್ಮೆ ಚರ್ಮ, ಅದರಲ್ಲಿ ಏನು ನೋಡ್ತೀಯ," ಎಂದೆ. "ಗುರುವಾರ ನಾನು ಕೋಳಿ ವೈದ್ಯ ತೋರಿಸ್ತೀನಿ. ಪ್ರಿಸಿಲ್ಲಾಗೆ ಮೊಟ್ಟೆ ಒಳಗೇ ಕಟ್ಕೊಂಡಿದೆ. ನಿಮ್ಮ ಕಣ್ಣೆದುರಿಗೇ ವಾಸಿ ಮಾಡ್ತೀನಿ."

ಗುರುವಾರ ಹೋಬಾರ್ಟನಿಗೆ ಮನೆ ಬಿಟ್ಟು ಕದಲಬಾರದೆಂದು ಆಜ್ಞೆ ಮಾಡಿ, ಹೊಗೆಮನೆಯ ಬಳಿ ಅಡ್ಡಾಡುತ್ತಿದ್ದ ಪ್ರಿಸಿಲ್ಲಾಳನ್ನು ಎತ್ತಿ ಎದೆಗವಚಿಕೊಂಡು ಚರ್ಚಿಗೆ ಹೊರಟೆ. ದಾರಿಯುದ್ದಕ್ಕೂ ಅದು ಕೊಸರಾಡಿತು. ನಾನು ಕೆನ್ನೆಗೆ ಕೆನ್ನೆ ಒತ್ತಿ, "ಹೆದರಬೇಡ ಕಂದಾ," ಎಂದು ಸಮಾಧಾನ ಮಾಡಿದೆ.

ಚರ್ಚಿನ ನೆಲಮಾಳಿಗೆ ಕಿಕ್ಕಿರಿದಿತ್ತು. ಮೇಜಿನ ಮೇಲೆ ತಗಡಿನ ತೊಟ್ಟಿ, ತೊಟ್ಟಿಯಲ್ಲಿ ಉಪ್ಪು ಕದಡಿದ ಬಿಸಿನೀರು. ನಾನು ಪ್ರಿಸಿಲ್ಲಾಳನ್ನು ಅದರೊಳಗೆ ಇಳಿಸಿದೆ. ಮೊದಲು ಕಿರುಚಿತು, ಆಮೇಲೆ ಬೆಚ್ಚನೆಯ ಸುಖಕ್ಕೆ ಸೋತು ಕಣ್ಣು ಮುಚ್ಚಿತು. ಮೇಲೆತ್ತಿ ಟವೆಲಿನಲ್ಲಿ ಒರೆಸಿದಾಗ, ಪಾದ್ರಿಗಳ ಹೆಂಡತಿ ಇಮೊಜೀನ್ ತಿನ್ನುತ್ತಿದ್ದ ಕೇಕನ್ನು ಅವರ ಕೈಯಿಂದಲೇ ಕಸಿದು ನುಂಗಿಬಿಟ್ಟಿತು! ಚಪ್ಪಾಳೆಯೋ ಚಪ್ಪಾಳೆ.

"ನೋಡಿ, ಹಸಿವು ಬಂತು! ವಾಸಿಯಾದ ಲಕ್ಷಣ!" ಎಂದೆ.

"ಕೋಳೀನ ನನ್ನ ಕೈಗೂ ಕೊಡಮ್ಮಾ, ಮುದ್ದಾಗಿದೆ," ಎಂದು ಇಮೊಜೀನ್ ಎತ್ತಿಕೊಂಡರು. ಅವರ ಮಡಿಲಿಂದ ಮತ್ತೊಬ್ಬರ ಮಡಿಲಿಗೆ, ಅಲ್ಲಿಂದ ಮುಂದಿನವರಿಗೆ. ನಾಮಕರಣದ ಕೂಸಿನಂತೆ ಅದು ಇಡೀ ಸಭೆಯಲ್ಲಿ ಕೈಯಿಂದ ಕೈಗೆ ಹೋಯಿತು. ಎಲ್ಲರಿಗಿಂತ ಹೆಚ್ಚು ಹೊತ್ತು ಇಟ್ಟುಕೊಂಡವಳು ಡೆಲ್ಫಾ. ರೆಕ್ಕೆ ಎತ್ತಿ, ಹೊಟ್ಟೆ ಒತ್ತಿ, ಬಾಲದಡಿ ಇಣುಕಿ, "ಮೊಟ್ಟೆ ಕಟ್ಕೊಂಡ ಹಾಗೇ ಕಾಣಲ್ವಲ್ಲ," ಎಂದಳು. ಹೊಟ್ಟೆಕಿಚ್ಚಿಗೆ ನನ್ನ ಬಳಿಯೂ ಮದ್ದಿಲ್ಲ.

ಆ ದಿನ ನಾನು ಮನೆಗೆ ನಡೆದು ಬರಲಿಲ್ಲ, ತೇಲಿ ಬಂದೆ. ಪ್ರಿಸಿಲ್ಲಾಳ ಶುಶ್ರೂಷೆ ಇನ್ನು ನನ್ನದೇ ಎಂದು ಹೋಬಾರ್ಟನ ಕೈಗೆ ಅದನ್ನು ಕೊಡದೆ ಅಡುಗೆಮನೆಯ ಬುಟ್ಟಿಯಲ್ಲಿ ಮಲಗಿಸಿ, ಹೊತ್ತುಹೊತ್ತಿಗೆ ಮಡಿಲಲ್ಲಿಟ್ಟುಕೊಂಡು ಬೆಳ್ಳುಳ್ಳಿ ನೀರು ಕುಡಿಸಿದೆ. ಸೋಜಿಗವೆಂದರೆ ಹೋಬಾರ್ಟನ ತೋಳು ಅಲ್ಲಿಂದಾಚೆಗೆ ಒಣಗುತ್ತ ಬಂತು. "ಕಷಾಯ ತಡವಾಗಿ ಹಿಡೀತು," ಎಂದೆ. ಅವನು ಪ್ರಿಸಿಲ್ಲಾಳನ್ನೊಮ್ಮೆ, ನನ್ನ ಕೆನ್ನೆಯನ್ನೊಮ್ಮೆ ನೋಡಿದ. ಕೆನ್ನೆ ಆಗಲೇ ಚುರುಚುರು ಎನ್ನುತ್ತಿತ್ತು. ಬಿಸಿಲಿಗೆ ಇರಬೇಕೆಂದುಕೊಂಡೆ.

ಭಾನುವಾರ ಬೆಳಗ್ಗೆ ಕನ್ನಡಿಯಲ್ಲಿ ಯಾರೋ ಅಪರಿಚಿತಳು ನನ್ನನ್ನು ನೋಡಿದಳು. ಒಂದು ಕಣ್ಣು ಬಾತು ಮುಚ್ಚಿತ್ತು. ಕೆನ್ನೆಯ ಮೇಲೆ ರಾಗಿ ಚೆಲ್ಲಿದಂತೆ ಗುಳ್ಳೆ. ಟೋಪಿ ಕೆಳಗೆಳೆದುಕೊಂಡು ಚರ್ಚಿಗೆ ಹೋದೆ. (ಹೋಗದಿದ್ದರೆ ಡೆಲ್ಫಾ ಕಾರಣ ಹುಡುಕುತ್ತಾಳಲ್ಲ.)

ಪಾದ್ರಿಗಳು ಬೋಧನೆ ಶುರುಮಾಡಿದರು. ಎರಡನೆಯ ಸಾಲಿನಲ್ಲಿ ಕರಕರ ಸದ್ದು. ನಾಲ್ಕನೆಯ ಸಾಲಿನಲ್ಲಿ ಕರಕರ. ಗಾಯಕ ವೃಂದದಲ್ಲಿ ಮೇಲ್ದನಿಯ ಹೆಂಗಸರೆಲ್ಲ ಹಾಡಿನ ಹಾಳೆಯಿಂದ ಮೊಣಕೈ ಉಜ್ಜಿಕೊಳ್ಳುತ್ತಿದ್ದರು. ಇಮೊಜೀನ್ ಕೈಗವಸು ತೊಟ್ಟು ಬಂದಿದ್ದರು, ಜುಲೈ ತಿಂಗಳ ಸೆಕೆಯಲ್ಲಿ! ಮಾತು ಬೈಬಲಿನಲ್ಲಿ ದೇವರು ಈಜಿಪ್ಟಿನವರಿಗೆ ಹುಣ್ಣುಬೊಬ್ಬೆಯ ಮಹಾಮಾರಿ ಕಳಿಸುವ ಅಧ್ಯಾಯಕ್ಕೆ ಬಂದಾಗ ಪಾದ್ರಿಗಳು ತಮ್ಮ ಹೆಂಡತಿಯ ಕಡೆ ನೋಡಿ, ತಡವರಿಸಿ, ಎಂದೂ ಇಲ್ಲದಷ್ಟು ಬೇಗ ಆಮೆನ್ ಹೇಳಿಬಿಟ್ಟರು. ಗಂಡಸರಿಗೆಲ್ಲ ಆನಂದ.

ಹೊರಗೆ ಬಂದ ಕೂಡಲೇ ಡೆಲ್ಫಾ ನನ್ನ ದಾರಿಗೆ ಅಡ್ಡ ನಿಂತಳು. ಅವಳ ಮುಖ ಕೈ ಕತ್ತು ಎಲ್ಲ ಗುಲಾಬಿ ಲೋಷನ್ನು, ಮದುವೆ ಕೇಕಿನ ಹಾಗೆ.

"ವರ್ಲೀನ್! ಏನ್ ಹಚ್ಚಿದ್ದೆ ಆ ಕೋಳಿಗೆ?"

"ಉಪ್ಪುನೀರು ಕಣೇ, ದೇವರಾಣೆ! ನನ್ನ ಮುಖ ನೋಡು, ನನಗೇ ಬಂದಿದೆ!"

"ಚರ್ಚಿನ ಮೆಟ್ಟಿಲ ಮೇಲೆ ಆಣೆ ಬೇರೆ!"

ಹೆಂಗಸರು ಸುತ್ತುಗಟ್ಟಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಹೋಬಾರ್ಟ್ ಕೆಮ್ಮಿದ. "ನಮ್ಮ ಹಿತ್ತಲಿಗೆ ಬನ್ನಿ. ಒಂದು ತೋರಿಸ್ತೀನಿ."

ಎಲ್ಲರೂ ಬಂದೆವು. ಅವನು ಹೊಗೆಮನೆಯ ಹಿಂದಕ್ಕೆ ಕರೆದೊಯ್ದು, ಉದ್ದನೆಯ ಕೋಲಿನಿಂದ ಹಸಿರನ್ನು ಸರಿಸಿದ. ಒಂದೊಂದು ತೊಟ್ಟಿನಲ್ಲೂ ಮೂರು ಮೂರು ಎಲೆಯಾಗಿ ಮಂಡಿಯೆತ್ತರ ಬೆಳೆದ ನಂಜುಬಳ್ಳಿ. ಅದರ ನಡುವೆ ಪುಕ್ಕ ಹಾಸಿದ ಗೂಡು. ಗೂಡಿನ ತುಂಬ ಮೊಟ್ಟೆ.

"ಶನಿವಾರ ಬುಟ್ಟಿಯಿಂದ ತಪ್ಪಿಸ್ಕೊಂಡ್ಳಲ್ಲ, ಆಗ ಹಿಂದೇನೇ ಬಂದೆ," ಎಂದ ಹೋಬಾರ್ಟ್. "ಅವಳಿಗೆ ಕಾಯಿಲೆ ಇಲ್ಲ ಏನಿಲ್ಲ. ಕದ್ದು ಕಾವಿಗೆ ಕೂತಿದ್ದಾಳೆ. ಬಳ್ಳಿ ಎಣ್ಣೆ ಕೋಳಿ ಚರ್ಮಕ್ಕೆ ಏನೂ ಮಾಡಲ್ಲ, ಆದ್ರೆ ಪುಕ್ಕಕ್ಕೆ ಮೆತ್ಕೊಳ್ಳುತ್ತೆ. ಯಾರು ಎತ್ಕೊಂಡ್ರೆ ಅವರಿಗೆ ಪ್ರಸಾದ. ಬರೀ ಉಪ್ಪುನೀರಿಗೆ ಎಣ್ಣೆ ಹೋಗುತ್ತಾ? ಸೋಪು ಬೇಕು."

ಅವನ ಬಾಯಿಂದ ಒಟ್ಟಿಗೆ ಇಷ್ಟು ಮಾತು ನಾನು ಮದುವೆಯಾದ ಮೇಲೆ ಕೇಳಿದ್ದೇ ಇಲ್ಲ.

ಕಾವಿಗೆ ಕೂತ ಕೋಳಿ! ಹಾಲುಗಲ್ಲದ ಮಗುವಿಗೂ ಗೊತ್ತಾಗುವ ಸಂಗತಿ. ಪ್ರಿಸಿಲ್ಲಾಗೆ ಆ ವಯಸ್ಸು ಮೀರಿತೆಂದು ನಾನು ತೀರ್ಮಾನಿಸಿದ್ದೆ. ಪ್ರಿಸಿಲ್ಲಾಳನ್ನು ಕೇಳಿರಲಿಲ್ಲ. ಡೆಲ್ಫಾ ನನ್ನ ಮುಖ ನೋಡಿದಳು. ನಗುತ್ತಾಳೆಂದುಕೊಂಡೆ. ಆದರೆ ಅವಳಿಗೆ ನಗಲು ಪುರುಸೊತ್ತಿರಲಿಲ್ಲ. ಎರಡೂ ಕೈಯಲ್ಲಿ ಕೆರೆದುಕೊಳ್ಳುತ್ತ, "ವರ್ಲೀನ್, ನಿನ್ನ ಆ ಹಾಳು ಸೊಪ್ಪು ಇದೆಯೇನೇ? ಈ ಲೋಷನ್ ನನ್ನ ಕೈ ಬಿಟ್ಟಿದೆ," ಎಂದಳು.

ಅಷ್ಟು ಸಾಕಾಯಿತು ನನಗೆ! ಸೆರಗು ಸಿಕ್ಕಿಸಿದೆ ಎನ್ನಬೇಕು, ನಮ್ಮಲ್ಲಿ ಸೆರಗಿಲ್ಲ, ಏಪ್ರನ್ನು ಬಿಗಿದೆ. ಹಣ್ಣು ಬೇಯಿಸುವ ಕೊಪ್ಪರಿಗೆಯನ್ನು ಅಂಗಳದಲ್ಲಿ ಒಲೆಗೇರಿಸಿದೆ. ಹೋಬಾರ್ಟ್ ಹಳ್ಳದಿಂದ ಹೊರೆಹೊರೆ ಒಡವೆಸೊಪ್ಪು ತಂದ. ಎಲ್ಲರೂ ಮೊದಲು ಸೋಪು ಹಾಕಿ ತೊಳೆದು, ಬಟ್ಟೆಗಳನ್ನೂ ಒಗೆದು, ಸಾಲಾಗಿ ವರಾಂಡದಲ್ಲಿ ತೋಳು ಚಾಚಿ ಕೂತರು. ನಾನು ಒಂದು ಕಣ್ಣಲ್ಲೇ ಎಲ್ಲರಿಗೂ ಹಚ್ಚಿದೆ. ಈ ಸಲ ಹೊಸ ಬೊಬ್ಬೆ ಏಳಲಿಲ್ಲ. ದಿನಗಳುರುಳಿದಂತೆ ಒಬ್ಬೊಬ್ಬರದೇ ಇಳಿಯಿತು. ನೆಲಮಾಳಿಗೆಯಲ್ಲಿದ್ದ ಅಷ್ಟೂ ಜನರನ್ನು ವಾಸಿ ಮಾಡಿದ ವೈದ್ಯೆ ಈ ಸುತ್ತಿನಲ್ಲಿ ಇನ್ನೊಬ್ಬಳಿದ್ದರೆ ಬರಲಿ. (ಕಾಯಿಲೆ ತರಿಸಿದವಳೂ ನಾನೇ ಎಂದು ಕೆಲವರು ಅನ್ನುತ್ತಾರೆ. ಲೋಕದ ಬಾಯಿಗೆ ಬೀಗ ಉಂಟೇ?)

ಇಷ್ಟಾದ ಮೇಲೆ ಸಂಘದವರು ಮತ್ತೊಂದು ಉಪನ್ಯಾಸಕ್ಕೆ ಬೇಡಿಕೊಳ್ಳುತ್ತಾರೆಂದು ನನಗೆ ಖಾತ್ರಿಯಿತ್ತು. ನನ್ನ ಊಹೆ ತಪ್ಪಲಿಲ್ಲ. ಇಮೊಜೀನ್ ಖುದ್ದಾಗಿ ಮನೆಗೆ ಬಂದರು. ನಾನು ಕೂದಲು ಸರಿಮಾಡಿಕೊಂಡು ಬಾಗಿಲು ತೆರೆದೆ.

"ಮಿಸ್ಟರ್ ಹೋಬಾರ್ಟ್ ಇದ್ದಾರಾ? ನಂಜುಬಳ್ಳಿ ಗುರುತಿಸೋದು ಹೇಗೆ ಅಂತ ಗುರುವಾರ ಅವರಿಂದ ಒಂದು ಭಾಷಣ ಆಗ್ಬೇಕು," ಎಂದರು.

ಅವನು ಮಾತಾಡಿದ. ಸಂಕೋಚದಿಂದ ಶುರುಮಾಡಿ, "ಮೂರೆಲೆ ಕಂಡ್ರೆ ಮಾರು ದೂರ" ಎಂಬಲ್ಲಿಗೆ ಬರುವಷ್ಟರಲ್ಲಿ ಬಸ್ಸಿನ ಹಿಂದಿನ ಸೀಟಿನ ತುಂಟರನ್ನು ಗದರಿಸುವ ದನಿ ಬಂತು. ಅಕ್ಕಪಕ್ಕದ ಹೆಂಗಸರು ಬಾಯಿ ತೆರೆದು ಕೇಳುತ್ತಿದ್ದರು. ಇಂಥ ಗಂಡನನ್ನು ಆರಿಸಿದವಳು ಯಾರು ಎಂದು ಯಾರಾದರೂ ಕೇಳಲಿ ಎಂದು ನಾನು ಮುಂದಿನ ಸಾಲಿನಲ್ಲಿ ಕಾದು ಕೂತೆ. ಯಾರೂ ಕೇಳಲಿಲ್ಲ. ಆದರೆ ಅವನೇ ನನ್ನ ಕಡೆ ಕೈ ತೋರಿಸಿದ. ನನ್ನ ಎದೆ ಉಬ್ಬಿತು.

"ವರ್ಲೀನ್, ಸ್ವಲ್ಪ ಎದ್ದು ಬಂದು ಬೆಳಕಿಗೆ ನಿಂತ್ಕೊ. ಇವಳ ಎಡಗೆನ್ನೆ ನೋಡಿ, ಇದು ಒಣಗೋ ಹಂತ. ಬಲಗಡೆ ಕಿವಿ ಹಿಂದೆ ಇನ್ನೂ ಸ್ವಲ್ಪ ಹಸಿ ಇದೆ. ವರ್ಲೀನ್, ತಿರುಗು."

ನಾನು ತಿರುಗಿದೆ. ತಲೆಯೆತ್ತಿಯೇ ತಿರುಗಿದೆ. ಹತ್ತಿರದಿಂದ ನೋಡಬೇಕೆನ್ನುವವರು ಬರಬಹುದು ಎಂದು ಅವನು ಹೇಳಿದ್ದೇ ತಡ, ಎಲ್ಲರೂ ಸಾಲಾಗಿ ಬಂದು, ಬಗ್ಗಿ, ಕಣ್ಣರಳಿಸಿ ನೋಡಿ ಹೋದರು. ಡೆಲ್ಫಾ ಕನ್ನಡಕ ಹಾಕಿಕೊಂಡು ಎರಡು ಸಲ ಬಂದಳು.

ಮುಟ್ಟಲು ಮಾತ್ರ ಒಬ್ಬಳೂ ಧೈರ್ಯ ಮಾಡಲಿಲ್ಲ.